ಸೋಲಾರ್ ಇನ್ವರ್ಟರ್ ಕೈಕೊಟ್ಟರೆ ಮೊದಲು ಏನು ನೋಡಬೇಕು?



ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆ ಮಾಳಿಗೆ ಮೇಲೆ, ರೇಷ್ಮೆ ಹುಳು ಮನೆ ಮೇಲೆ, ಹೊಲಿಗೆ ಅಂಗಡಿ ಮೇಲೆ ಸೋಲಾರ್ ಪ್ಯಾನೆಲ್‌ಗಳು ಕಾಣುತ್ತವೆ. ಕೆಲವರು ಬ್ಯಾಂಕ್ ಸಾಲದಿಂದ ಹಾಕಿಸಿದ್ದಾರೆ, ಕೆಲವರು ಸ್ವಸಹಾಯ ಸಂಘದ ಸಾಲದಿಂದ, ಇನ್ನು ಕೆಲವರು ಸರ್ಕಾರದ ಸಬ್ಸಿಡಿಯಿಂದ. ಮೊದಲನೇ ವರ್ಷ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಎರಡನೇ ವರ್ಷವೋ ಮೂರನೇ ವರ್ಷವೋ ಒಂದು ರಾತ್ರಿ ಪೆಟ್ಟಿಗೆ "ಪೀಂ ಪೀಂ" ಅಂತ ಕೂಗಿಕೊಂಡು ನಿಂತುಬಿಡುತ್ತದೆ. "ಇನ್ವರ್ಟರ್ ಕೆಟ್ಟೋಯ್ತು" ಅಂತ ಮನೆಯವರೆಲ್ಲ ತೀರ್ಮಾನ ಮಾಡುತ್ತಾರೆ. ಮತ್ತೆ ಸೀಮೆಎಣ್ಣೆ ಬುಡ್ಡಿ, ಮೇಣದ ಬತ್ತಿ ಹುಡುಕುವ ಕೆಲಸ. ಬೆಳಕು ನಿಂತರೂ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಹೀಗೆ "ಕೆಟ್ಟೋಗಿದೆ" ಅನ್ನುವ ದೂರುಗಳಲ್ಲಿ ಎಷ್ಟೋ ಸಲ ಇನ್ವರ್ಟರ್‌ಗೆ ಏನೂ ಆಗಿರುವುದಿಲ್ಲ. ಪ್ಯಾನೆಲ್ ಮೇಲೆ ಧೂಳು ಕೂತಿರುತ್ತದೆ, ಬ್ಯಾಟರಿಯಲ್ಲಿ ನೀರು ಇಳಿದಿರುತ್ತದೆ, ಒಂದು ತಂತಿ ಸಡಿಲವಾಗಿರುತ್ತದೆ, ಇಲ್ಲವೇ ಹೊರೆ ಜಾಸ್ತಿಯಾಗಿರುತ್ತದೆ. ಇವುಗಳಲ್ಲಿ ಅರ್ಧಕ್ಕೆ ಅರ್ಧವನ್ನು ಮನೆಯವರೇ ಕಂಡುಹಿಡಿಯಬಹುದು. ಉಳಿದದ್ದಕ್ಕೆ ಮೆಕ್ಯಾನಿಕ್ ಬೇಕೇ ಬೇಕು. ಯಾವುದನ್ನು ನಾವು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎನ್ನುವುದೇ ಈ ಲೇಖನದ ವಿಷಯ.

ನಿಮ್ಮ ಮನೆಯಲ್ಲಿ ಇರುವುದು ಯಾವ ಬಗೆ?

ಇದು ಗೊತ್ತಿಲ್ಲದಿದ್ದರೆ ದೋಷ ಹುಡುಕುವುದು ಕಷ್ಟ. ಮುಖ್ಯವಾಗಿ ಮೂರು ಬಗೆಗಳಿವೆ.

ಒಂದು, ಸೋಲಾರ್ ಹೋಮ್ ಲೈಟ್. ಒಂದು ಸಣ್ಣ ಪ್ಯಾನೆಲ್, ಒಂದು ಬ್ಯಾಟರಿ, ಎರಡೋ ನಾಲ್ಕೋ ಡಿ.ಸಿ. ಲೈಟು. ಇದರಲ್ಲಿ ಇನ್ವರ್ಟರ್ ಇರುವುದಿಲ್ಲ, ಚಾರ್ಜ್ ಕಂಟ್ರೋಲರ್ ಎಂಬ ಸಣ್ಣ ಡಬ್ಬಿ ಇರುತ್ತದೆ. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಇದನ್ನು ಹರಡಿದವರಲ್ಲಿ 1995ರಲ್ಲಿ ಶುರುವಾದ ಸೆಲ್ಕೋ ಸಂಸ್ಥೆ ಪ್ರಮುಖವಾದದ್ದು. ಅದನ್ನು ಕಟ್ಟಿದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಡವರೂ ಸಾಲ ಪಡೆದು ಸೋಲಾರ್ ಹಾಕಿಸಿಕೊಳ್ಳಬಹುದು, ಆದರೆ ಮಾರಿದ ಮೇಲೆ ರಿಪೇರಿಗೂ ಬರುವವರು ಹತ್ತಿರದಲ್ಲೇ ಇರಬೇಕು ಎನ್ನುವುದು ಅವರ ಕೆಲಸದಿಂದ ಎಲ್ಲರೂ ಕಲಿತ ಪಾಠ.

ಎರಡು, ಬ್ಯಾಟರಿ ಇರುವ ಸೋಲಾರ್ ಇನ್ವರ್ಟರ್. ಬಿಸಿಲಿನಿಂದಲೂ ಲೈನ್ ಕರೆಂಟಿನಿಂದಲೂ ಬ್ಯಾಟರಿ ಚಾರ್ಜ್ ಆಗುತ್ತದೆ. ಕರೆಂಟ್ ಹೋದಾಗ ಬಲ್ಬು, ಫ್ಯಾನು, ಟಿ.ವಿ. ಓಡುತ್ತವೆ.

ಮೂರು, ಬ್ಯಾಟರಿ ಇಲ್ಲದೆ ನೇರವಾಗಿ ಚೆಸ್ಕಾಂ ಲೈನಿಗೆ ಸೇರಿಸಿದ ಆನ್-ಗ್ರಿಡ್ ಇನ್ವರ್ಟರ್. ಹಗಲು ತಯಾರಾದ ವಿದ್ಯುತ್ತನ್ನು ಮನೆ ಬಳಸಿಕೊಂಡು, ಮಿಕ್ಕಿದ್ದು ಲೈನಿಗೆ ಹೋಗುತ್ತದೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಹೆಚ್ಚಾಗಿ ಹಾಕುತ್ತಿರುವುದು ಇದೇ ಬಗೆ.

ಕೈ ಹಾಕುವ ಮೊದಲು

ಸೋಲಾರ್ ಅಂದರೆ ಶಾಕ್ ಹೊಡೆಯುವುದಿಲ್ಲ ಎಂಬ ತಪ್ಪು ನಂಬಿಕೆ ಬಹಳ ಜನರಲ್ಲಿದೆ. ಬೆಳಕು ಬಿದ್ದಷ್ಟು ಹೊತ್ತೂ ಪ್ಯಾನೆಲ್ ವಿದ್ಯುತ್ ಕೊಡುತ್ತಲೇ ಇರುತ್ತದೆ. ಅದಕ್ಕೆ ಸ್ವಿಚ್ ಇಲ್ಲ. ಆನ್-ಗ್ರಿಡ್ ಮನೆಗಳಲ್ಲಿ ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿರುವುದರಿಂದ ಡಿ.ಸಿ. ತಂತಿಯಲ್ಲಿ ನೂರಾರು ವೋಲ್ಟ್ ಇರುತ್ತದೆ. ಓಡುತ್ತಿರುವಾಗ ಪ್ಯಾನೆಲ್ ಕನೆಕ್ಟರ್ ಎಳೆದರೆ ಬೆಂಕಿಯ ಕಿಡಿ ಹಾರುತ್ತದೆ. ಅದನ್ನು ಯಾವತ್ತೂ ಎಳೆಯಬೇಡಿ.

ಬ್ಯಾಟರಿ 12 ವೋಲ್ಟ್ ಮಾತ್ರ ಅಂತ ಹಗುರವಾಗಿ ನೋಡಬೇಡಿ. ಎರಡು ಟರ್ಮಿನಲ್‌ಗೆ ಒಂದೇ ಸಲ ಸ್ಪಾನರ್ ತಗುಲಿದರೆ ಸ್ಪಾನರೇ ಕೆಂಪಗೆ ಕಾಯುತ್ತದೆ. ಕೈ ಬಳೆ, ಉಂಗುರ, ವಾಚು ತೆಗೆದಿಟ್ಟು ಕೆಲಸ ಮಾಡಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಅನಿಲ ಬರುತ್ತದೆ. ಅದಕ್ಕೇ ಬ್ಯಾಟರಿ ಪಕ್ಕ ಒಲೆ, ದೀಪ, ಊದುಬತ್ತಿ, ಬೀಡಿ ಬೇಡ. ಕಿಟಕಿ ಇರುವ ಜಾಗದಲ್ಲಿ ಇಡಿ. ಕಣ್ಣಿಗೆ ಆಸಿಡ್ ಬಿದ್ದರೆ ಕನಿಷ್ಠ 15 ನಿಮಿಷ ಶುದ್ಧ ನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ.

ಪೆಟ್ಟಿಗೆಯ ಮುಚ್ಚಳವನ್ನು ಮನೆಯವರು ಬಿಚ್ಚಲೇಬಾರದು. ಸ್ವಿಚ್ ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ.

ಈಗ ಒಂದೊಂದೇ ದೂರು ನೋಡೋಣ. ಹುಡುಕುವ ಕ್ರಮ ಸುಲಭ. ಸೂರ್ಯನಿಂದ ಹೊರಟು ಬಲ್ಬಿನ ತನಕ ಬನ್ನಿ: ಬಿಸಿಲು, ಪ್ಯಾನೆಲ್, ತಂತಿ, ಫ್ಯೂಸು, ಬ್ಯಾಟರಿ, ಇನ್ವರ್ಟರ್, ಹೊರೆ. ಎಲ್ಲಿ ಕೊಂಡಿ ತಪ್ಪಿದೆಯೋ ಅಲ್ಲಿ ದೋಷ ಇರುತ್ತದೆ.

ದೂರು 1: "ಬಿಸಿಲಿದೆ, ಆದ್ರೂ ಚಾರ್ಜ್ ಆಗ್ತಿಲ್ಲ"

ಮೊದಲು ಮಾಳಿಗೆ ಹತ್ತಿ ನೋಡಿ. ಎರಡು ವರ್ಷದ ಹಿಂದೆ ಹಾಕಿಸಿದಾಗ ಇಲ್ಲದಿದ್ದ ತೆಂಗಿನ ಗರಿ ಈಗ ಪ್ಯಾನೆಲ್ ಮೇಲೆ ನೆರಳು ಹಾಕುತ್ತಿರಬಹುದು. ಪ್ಯಾನೆಲ್ ಒಳಗಿನ ಬಿಲ್ಲೆಗಳೆಲ್ಲ ಒಂದರ ಹಿಂದೆ ಒಂದು ಸರದಂತೆ ಜೋಡಣೆಯಾಗಿರುತ್ತವೆ. ಕಾಲುವೆಗೆ ಒಂದು ಕಡೆ ಕಲ್ಲು ಅಡ್ಡ ಬಿದ್ದರೆ ಕೆಳಗಿನ ಗದ್ದೆಗೆಲ್ಲ ನೀರು ಕಡಿಮೆಯಾಗುವಂತೆ, ಒಂದು ಮೂಲೆಯಲ್ಲಿ ನೆರಳು ಬಿದ್ದರೂ ಪ್ಯಾನೆಲ್ಲಿನ ಒಂದು ದೊಡ್ಡ ಭಾಗದ ಶಕ್ತಿ ಬಿದ್ದುಹೋಗುತ್ತದೆ. ಗರಿ ಕಡಿಸಿ, ಕೇಬಲ್ ಟಿ.ವಿ. ಡಿಶ್ ಸರಿಸಿ, ಒಣಗಲು ಹಾಕಿದ ಬಟ್ಟೆ ತೆಗೆಯಿರಿ.

ಆಮೇಲೆ ಧೂಳು. ಕಬ್ಬಿನ ತರಗು ಸುಡುವ ದಿನಗಳಲ್ಲಿ ಕಪ್ಪು ಬೂದಿ, ರಸ್ತೆ ಪಕ್ಕದ ಮನೆಗಳಲ್ಲಿ ಕೆಂಪು ಧೂಳು, ಮರದ ಹತ್ತಿರದಲ್ಲಿ ಹಕ್ಕಿ ಹಿಕ್ಕೆ. ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ಪ್ಯಾನೆಲ್ ತಣ್ಣಗಿರುವಾಗ ನೀರು ಹಾಕಿ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ, ಗಾಜು ಸೀಳಬಹುದು. ಸೋಪಿನ ಪುಡಿ, ತೆಂಗಿನ ನಾರು ಬೇಡ. ಪ್ಯಾನೆಲ್ ಮೇಲೆ ಕಾಲಿಡಲೇಬೇಡಿ.

ದಿಕ್ಕು ಸರಿಯಾಗಿದೆಯೇ? ನಮ್ಮ ತಾಲ್ಲೂಕುಗಳು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 12 ಡಿಗ್ರಿಯಲ್ಲಿವೆ. ಆದ್ದರಿಂದ ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ 12ರಿಂದ 15 ಡಿಗ್ರಿ ಓರೆಯಾಗಿದ್ದರೆ ಸಾಕು. ಜೋರು ಗಾಳಿಗೆ ಸ್ಟ್ಯಾಂಡ್ ತಿರುಗಿದ್ದರೆ ಸರಿ ಮಾಡಿಸಿ.

ಇಷ್ಟೆಲ್ಲ ಸರಿ ಇದ್ದೂ ಚಾರ್ಜಿಂಗ್ ಲೈಟ್ ಬರದಿದ್ದರೆ ಪ್ಯಾನೆಲ್ ಮತ್ತು ಇನ್ವರ್ಟರ್ ನಡುವಿನ ಎಂ.ಸಿ.ಬಿ. ಬಿದ್ದಿದೆಯಾ, ಫ್ಯೂಸ್ ಹೋಗಿದೆಯಾ ನೋಡಿ. ಇಲಿ ತಂತಿ ಕಡಿದಿರಬಹುದು. ಎರಡು ಪ್ಯಾನೆಲ್ ಅಕ್ಕಪಕ್ಕ ಸೇರಿಸಿರುವ ಮನೆಯಲ್ಲಿ ಒಂದರ ತಂತಿ ಕಳಚಿದ್ದರೆ ಚಾರ್ಜಿಂಗ್ ಲೈಟ್ ಬರುತ್ತದೆ, ಆದರೆ ಅರ್ಧವೇ ಚಾರ್ಜ್ ಆಗುತ್ತದೆ. ಇದು ಸುಲಭವಾಗಿ ಕಣ್ಣಿಗೆ ಬೀಳದ ದೋಷ. ಮೆಕ್ಯಾನಿಕ್ ಮಲ್ಟಿಮೀಟರ್ ಇಟ್ಟು ಪ್ರತಿ ಪ್ಯಾನೆಲ್ ಬೇರೆ ಬೇರೆ ನೋಡಬೇಕು. "12 ವೋಲ್ಟ್ ಪ್ಯಾನೆಲ್" ಅನ್ನುವುದು ಬಿಸಿಲಿನಲ್ಲಿ ಯಾವ ತಂತಿಯೂ ಸೇರಿಸದೆ ಇದ್ದಾಗ ಸುಮಾರು 21-22 ವೋಲ್ಟ್ ತೋರಿಸಬೇಕು. ಬಹಳ ಕಡಿಮೆ ತೋರಿಸಿದರೆ ಪ್ಯಾನೆಲ್ಲಿನಲ್ಲೇ ದೋಷ.

ಇನ್ನೊಂದು ವಿಷಯ. 330 ವ್ಯಾಟಿನಂಥ ದೊಡ್ಡ ಪ್ಯಾನೆಲ್‌ಗಳು ಸಾಮಾನ್ಯವಾಗಿ 24 ವೋಲ್ಟ್ ಬ್ಯಾಟರಿಗೆ ಹೊಂದುವಂಥವು. ಅದನ್ನು ಒಂದೇ 12 ವೋಲ್ಟ್ ಬ್ಯಾಟರಿಯ ಸಾದಾ ಇನ್ವರ್ಟರ್‌ಗೆ ಸೇರಿಸಿದರೆ ಹತ್ತಿರ ಹತ್ತಿರ ಅರ್ಧ ಶಕ್ತಿ ದಂಡವಾಗುತ್ತದೆ. ಎಂ.ಪಿ.ಪಿ.ಟಿ. ಇರುವ ಇನ್ವರ್ಟರ್ ಆದರೆ ತೊಂದರೆಯಿಲ್ಲ. ಕೊಳ್ಳುವಾಗಲೇ ಇದನ್ನು ಕೇಳಿ ಬರೆಸಿಕೊಳ್ಳಿ.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಆಗಸ್ಟ್‌ವರೆಗೆ ವಯನಾಡು ಕಡೆಯಿಂದ ಮೋಡ ಕವಿದಿದ್ದಾಗ ಚಾರ್ಜ್ ಅರ್ಧಕ್ಕಿಂತಲೂ ಕಡಿಮೆ ಆಗಬಹುದು. ಅದು ದೋಷವಲ್ಲ. ಆ ದಿನಗಳಲ್ಲಿ ಹೊರೆ ಕಡಿಮೆ ಮಾಡಿ, ಲೈನ್ ಕರೆಂಟಿನಿಂದ ಚಾರ್ಜ್ ಆಗುವ ಸ್ವಿಚ್ ಆನ್ ಇಡಿ.

ದೂರು 2: "ಮುಂಚೆ ನಾಲ್ಕು ಗಂಟೆ ಬರ್ತಿತ್ತು, ಈಗ ಅರ್ಧ ಗಂಟೆನೂ ಬರಲ್ಲ"

ಇದು ಬ್ಯಾಟರಿ ದೂರು. 150 ಎ.ಎಚ್. ಬ್ಯಾಟರಿಗೆ ಹದಿನೈದು ಸಾವಿರದ ಆಸುಪಾಸು ಬೆಲೆ ಇರುವಾಗ, ಸಂಘದಿಂದ ಇನ್ನೊಂದು ಸಾಲ ಎತ್ತುವ ಮೊದಲು ಇದನ್ನು ಸರಿಯಾಗಿ ತಿಳಿಯಿರಿ.

ನೀರು ನೋಡಿ. ಪ್ರತಿ ಮುಚ್ಚಳದ ಮೇಲೆ ನೀರಿನ ಮಟ್ಟ ತೋರಿಸುವ ಕಡ್ಡಿ ಇರುತ್ತದೆ. ಕೆಂಪು ಗುರುತಿಗೆ ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ, ಹಸಿರು ಗುರುತು ದಾಟಿಸಬೇಡಿ. ಒಳಗಿನ ತಟ್ಟೆಗಳು ಗಾಳಿಗೆ ತೆರೆದುಕೊಂಡರೆ ಆ ಭಾಗ ಸತ್ತಂತೆಯೇ. ಬೋರ್‌ವೆಲ್ ನೀರಿನಲ್ಲಿ ಗಡಸು ಜಾಸ್ತಿ, ಹಾಕಬೇಡಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವ ನೀರು ಕುಡಿಯಲು ಒಳ್ಳೆಯದೇ, ಆದರೆ ಅದರಲ್ಲೂ ಲವಣ ಉಳಿದಿರುತ್ತದೆ. ಬ್ಯಾಟರಿಗೆ ಅದೂ ಬೇಡ. "ಆಸಿಡ್ ಹಾಕಿದ್ರೆ ಪವರ್ ಬರುತ್ತೆ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬ್ಯಾಟರಿಯಲ್ಲಿ ಆವಿಯಾಗುವುದು ನೀರು, ಆಸಿಡ್ ಅಲ್ಲೇ ಇರುತ್ತದೆ.

ಟರ್ಮಿನಲ್ ನೋಡಿ. ಬಿಳಿ ಅಥವಾ ಹಸಿರು ಕಿಲುಬು ಕಟ್ಟಿದ್ದರೆ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಇನ್ವರ್ಟರ್ ಮತ್ತು ಸೋಲಾರ್ ಎರಡೂ ಆಫ್ ಮಾಡಿ, ಮೊದಲು ಮೈನಸ್ ತಂತಿ ಬಿಚ್ಚಿ, ಆಮೇಲೆ ಪ್ಲಸ್. ಬಿಸಿ ನೀರಿಗೆ ಸ್ವಲ್ಪ ಅಡುಗೆ ಸೋಡ ಬೆರೆಸಿ ಹಳೆ ಟೂತ್‌ಬ್ರಶ್ಶಿನಲ್ಲಿ ಉಜ್ಜಿ. ಸೋಡ ನೀರು ಬ್ಯಾಟರಿ ಒಳಗೆ ಇಳಿಯಬಾರದು. ಒರೆಸಿ, ಒಣಗಿಸಿ, ಮೊದಲು ಪ್ಲಸ್, ಆಮೇಲೆ ಮೈನಸ್ ಬಿಗಿಯಾಗಿ ಹಾಕಿ, ಮೇಲೆ ವ್ಯಾಸಲೀನ್ ಸವರಿ. ತಂತಿ ಅದಲು ಬದಲಾದರೆ ಇನ್ವರ್ಟರ್ ಸುಟ್ಟೇ ಹೋಗುತ್ತದೆ. ಅದಕ್ಕೇ ಬಿಚ್ಚುವ ಮೊದಲು ಬಣ್ಣದ ದಾರ ಕಟ್ಟಿ ಗುರುತು ಮಾಡಿಕೊಳ್ಳಿ. ಧೈರ್ಯವಿಲ್ಲದಿದ್ದರೆ ಮೆಕ್ಯಾನಿಕ್‌ಗೇ ಬಿಡಿ.

ವೋಲ್ಟ್ ನೋಡಿ. ರಾತ್ರಿ ಎಲ್ಲವನ್ನೂ ಆಫ್ ಮಾಡಿ ಬ್ಯಾಟರಿಗೆ ಎರಡು ಮೂರು ಗಂಟೆ ವಿಶ್ರಾಂತಿ ಕೊಟ್ಟು ಅಳೆದಾಗ 12.6ರ ಸುಮಾರು ಇದ್ದರೆ ತುಂಬಿದೆ. 12.2 ಇದ್ದರೆ ಅರ್ಧ. 11.8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಖಾಲಿ. ಹೊರೆ ಎಳೆಯುವಾಗ ಸುಮಾರು 10.5ಕ್ಕೆ ಇಳಿದರೆ ಇನ್ವರ್ಟರ್ ತಾನೇ ನಿಲ್ಲುತ್ತದೆ. ಆ "ಪೀಂ ಪೀಂ" ಶಬ್ದ ಬ್ಯಾಟರಿಯನ್ನು ಉಳಿಸುವ ಎಚ್ಚರಿಕೆ. ನಿಂತ ಮೇಲೆ ಮತ್ತೆ ಮತ್ತೆ ಸ್ವಿಚ್ ಒತ್ತಿ ಎಬ್ಬಿಸುವುದು ಸುಸ್ತಾಗಿ ಬಿದ್ದ ಎತ್ತಿಗೆ ಚಾಟಿ ಬೀಸಿದ ಹಾಗೆ. ಬೇಗನೆ ಸಾಯುತ್ತದೆ.

ಆರು ಸೆಲ್‌ಗಳ ಪೈಕಿ ಒಂದು ಮಾತ್ರ ಸತ್ತಿರುವುದೂ ಉಂಟು. ಮೆಕ್ಯಾನಿಕ್ ಹೈಡ್ರೋಮೀಟರ್ ಇಟ್ಟು ನೋಡಿದಾಗ ಐದು ಸೆಲ್ 1220ರ ಮೇಲೆ ತೋರಿಸಿ ಒಂದು ಮಾತ್ರ ತೀರಾ ಕೆಳಗಿದ್ದರೆ ಬ್ಯಾಟರಿ ಬದಲಿಸಬೇಕು. ಎಲ್ಲವೂ ಒಂದೇ ರೀತಿ ಕಡಿಮೆ ತೋರಿಸಿದರೆ ಬ್ಯಾಟರಿ ಬರೀ ಹಸಿದಿರಬಹುದು. ಪೂರ್ತಿ ಚಾರ್ಜ್ ಮಾಡಿ ಇನ್ನೊಮ್ಮೆ ನೋಡಿ ಆಮೇಲೆ ತೀರ್ಮಾನಿಸಿ. ಎರಡು ಬ್ಯಾಟರಿ ಇರುವ ಮನೆಯಲ್ಲಿ ಹಳೆಯದರ ಜೊತೆ ಹೊಸದೊಂದನ್ನು ಸೇರಿಸಬೇಡಿ. ಹಳೆಯದು ಹೊಸದನ್ನೂ ಕೆಳಕ್ಕೆ ಎಳೆಯುತ್ತದೆ.

ದೂರು 3: "ಓವರ್‌ಲೋಡ್ ಅಂತ ಕೆಂಪು ಲೈಟ್ ಬರುತ್ತೆ"

ಪೆಟ್ಟಿಗೆ ಮೇಲೆ 850 ವಿ.ಎ. ಅಂತ ಬರೆದಿದ್ದರೆ 850 ವ್ಯಾಟ್ ಎಳೆಯಬಹುದು ಅಂತ ಅರ್ಥವಲ್ಲ. ಸಾಮಾನ್ಯವಾಗಿ 650-700 ವ್ಯಾಟ್‌ಗೆ ಮಿತಿ. ಮಿಕ್ಸಿ 500ರಿಂದ 750 ವ್ಯಾಟ್, ಇಸ್ತ್ರಿ ಪೆಟ್ಟಿಗೆ 1000 ವ್ಯಾಟ್. ಹೊಲಿಗೆ ಯಂತ್ರದ ಮೋಟರು ಚಿಕ್ಕದೇ, ಆದರೆ ಯಾವ ಮೋಟರೇ ಆಗಲಿ ಶುರುವಾಗುವ ಕ್ಷಣದಲ್ಲಿ ಎರಡು ಮೂರು ಪಟ್ಟು ಎಳೆಯುತ್ತದೆ. ಫ್ರಿಜ್ಜು, ನೀರಿನ ಮೋಟರು ಇನ್ನೂ ಹೆಚ್ಚು.

ಎಲ್ಲ ಸ್ವಿಚ್ ಆಫ್ ಮಾಡಿ ಇನ್ವರ್ಟರ್ ಆನ್ ಮಾಡಿ. ಆಗ ಓಡಿದರೆ ಒಂದೊಂದೇ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ನಿಲ್ಲುತ್ತದೋ ಅದೇ ಕಾರಣ. ಏನೂ ಹಾಕದಿದ್ದರೂ ನಿಂತರೆ ಮನೆ ವೈರಿಂಗ್‌ನಲ್ಲಿ ಶಾರ್ಟ್ ಇರಬಹುದು, ಎಲೆಕ್ಟ್ರಿಷಿಯನ್ ಕರೆಸಿ. ಹೊಸ ವಯರಿಂಗ್ ಮಾಡುವಾಗ ಇನ್ವರ್ಟರ್ ಲೈನಿನ ನ್ಯೂಟ್ರಲ್ಲನ್ನು ಬೇರೆ ಲೈನಿನ ನ್ಯೂಟ್ರಲ್ ಜೊತೆ ಬೆರೆಸಿದರೂ ಇಂಥ ತೊಂದರೆ ಬರುತ್ತದೆ.

ಹೊರೆಯ ಲೆಕ್ಕ ನಾವೇ ಹಾಕಬಹುದು. 9 ವ್ಯಾಟಿನ 4 ಬಲ್ಬು 36, 75 ವ್ಯಾಟಿನ 2 ಫ್ಯಾನು 150, ಟಿ.ವಿ. 60. ಒಟ್ಟು ಸುಮಾರು 250 ವ್ಯಾಟ್. 150 ಎ.ಎಚ್. ಬ್ಯಾಟರಿಯಲ್ಲಿ 12 ವೋಲ್ಟಿನಿಂದ ಗುಣಿಸಿದರೆ 1800 ವ್ಯಾಟ್-ಗಂಟೆ. ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು, ಅಂದರೆ 900. ಇನ್ವರ್ಟರ್ ತಿನ್ನುವುದನ್ನು ಕಳೆದರೆ ಸುಮಾರು 760. ಅದನ್ನು 250ರಿಂದ ಭಾಗಿಸಿ: 3 ಗಂಟೆ. ಫ್ಯಾನ್ ಎರಡನ್ನೂ 30 ವ್ಯಾಟಿನ ಬಿ.ಎಲ್.ಡಿ.ಸಿ. ಫ್ಯಾನ್ ಮಾಡಿದರೆ ಹೊರೆ 156ಕ್ಕೆ ಇಳಿದು ಸುಮಾರು 5 ಗಂಟೆ ಬರುತ್ತದೆ. ದೊಡ್ಡ ಬ್ಯಾಟರಿ ಕೊಳ್ಳುವುದಕ್ಕಿಂತ ಇದು ಅಗ್ಗ.

ದೂರು 4: "ಲೈನಲ್ಲಿ ಕರೆಂಟ್ ಇದೆ, ಆದ್ರೂ ಬ್ಯಾಟರಿ ಮೇಲೇ ಓಡ್ತಿದೆ"

ಇದು ನಮ್ಮ ಕಡೆಯ ಹಳ್ಳಿಗಳಿಗೆ ತಕ್ಕ ದೂರು. ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲೋ ಸಂಜೆ ಎಲ್ಲ ಮನೆಯಲ್ಲೂ ದೀಪ ಹಾಕಿದಾಗಲೋ ವೋಲ್ಟೇಜ್ 160-170ಕ್ಕೆ ಇಳಿದರೆ ಬಲ್ಬು ಮಂಕಾಗಿ ಉರಿಯುತ್ತದೆ. ಇನ್ವರ್ಟರ್ "ಯು.ಪಿ.ಎಸ್." ಎಂಬ ಕಡೆ ಇಟ್ಟಿದ್ದರೆ ಸಾಮಾನ್ಯವಾಗಿ 180 ವೋಲ್ಟ್‌ಗಿಂತ ಕಡಿಮೆ ಬಂದ ಕರೆಂಟನ್ನು ಅದು ಕರೆಂಟೇ ಅಂತ ಒಪ್ಪುವುದಿಲ್ಲ, ಬ್ಯಾಟರಿಗೆ ಹೋಗಿಬಿಡುತ್ತದೆ. ನಿಜವಾಗಿ ಕರೆಂಟ್ ಹೋಗುವ ಹೊತ್ತಿಗೆ ಬ್ಯಾಟರಿ ಖಾಲಿ! ಹಿಂಭಾಗದಲ್ಲೋ ಮುಂಭಾಗದಲ್ಲೋ ಇರುವ ಸ್ವಿಚ್ಚನ್ನು "ಇಕೋ" ಅಥವಾ "ನಾರ್ಮಲ್" ಕಡೆ ಹಾಕಿ. ಆಗ ಕಡಿಮೆ ವೋಲ್ಟೇಜನ್ನೂ ಒಪ್ಪಿಕೊಳ್ಳುತ್ತದೆ. ಕಂಪ್ಯೂಟರ್ ಇರುವ ಮನೆಗೆ ಮಾತ್ರ ಯು.ಪಿ.ಎಸ್. ಬೇಕು.

ಇನ್ವರ್ಟರ್‌ಗೆ ಲೈನ್ ಬರುವ ಪ್ಲಗ್ ಸಡಿಲವಾಗಿದೆಯಾ, ಹಿಂದಿನ ಫ್ಯೂಸ್ ಅಥವಾ ಒತ್ತುವ ಗುಂಡಿ ಹೊರಬಂದಿದೆಯಾ ಅದನ್ನೂ ನೋಡಿ. ಫ್ಯೂಸ್ ಹೋದರೆ ಅದೇ ಅಳತೆಯದನ್ನೇ ಹಾಕಿ. ಬೆಳ್ಳಿ ಕಾಗದ, ದಪ್ಪ ತಂತಿ ಸುತ್ತಿದರೆ ಫ್ಯೂಸಿನ ಬದಲು ಮನೆಗೆ ಬೆಂಕಿ ಬೀಳುತ್ತದೆ. ಊರಿಗೇ ವೋಲ್ಟೇಜ್ ಇಲ್ಲದಿದ್ದರೆ ಸಂಘದ ಎಲ್ಲರೂ ಸೇರಿ ಚೆಸ್ಕಾಂಗೆ ಅರ್ಜಿ ಕೊಡಿ, 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ದೂರು 5: "ಪೆಟ್ಟಿಗೆ ಬಿಸಿ ಆಗುತ್ತೆ, ಕೆಟ್ಟ ವಾಸನೆ ಬರುತ್ತೆ"

ಸ್ವಲ್ಪ ಬೆಚ್ಚಗಾಗುವುದು ಸಹಜ. ಕೈ ಇಡಲಾಗದಷ್ಟು ಬಿಸಿಯಾದರೆ ಹಿಂದಿನ ಗಾಳಿ ಕಿಂಡಿಗಳು ಮುಚ್ಚಿವೆಯಾ, ಒಳಗಿನ ಚಿಕ್ಕ ಫ್ಯಾನ್ ತಿರುಗುತ್ತಿದೆಯಾ ನೋಡಿ. ಗೋಡೆಯಿಂದ ಒಂದು ಅಡಿ ದೂರ ಇಡಿ. ಮೇಲೆ ಬಟ್ಟೆ, ಪೇಪರ್ ಇಡಬೇಡಿ. ಹುಳು ಮನೆಯಲ್ಲಿ ಇಟ್ಟಿದ್ದರೆ ತೇವ ಮತ್ತು ಸುಣ್ಣದ ಪುಡಿ ಒಳಗೆ ಸೇರುತ್ತವೆ, ಬೇರೆ ಕೋಣೆಗೆ ಸಾಗಿಸಿ.

ಬ್ಯಾಟರಿಯಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಥವಾ ಅದರ ಪಕ್ಕೆ ಉಬ್ಬಿದ್ದರೆ ಅತಿಯಾಗಿ ಚಾರ್ಜ್ ಆಗುತ್ತಿದೆ, ಇಲ್ಲವೇ ಒಳಗೆ ಸೆಲ್ ಕೆಟ್ಟಿದೆ. ಲೈನ್ ಮತ್ತು ಸೋಲಾರ್ ಎರಡನ್ನೂ ಆಫ್ ಮಾಡಿ, ಬಾಗಿಲು ಕಿಟಕಿ ತೆಗೆದು, ಮಕ್ಕಳನ್ನು ಹೊರಗೆ ಕಳಿಸಿ, ಮೆಕ್ಯಾನಿಕ್ ಬರುವ ತನಕ ಮುಟ್ಟಬೇಡಿ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೂ ಇದೇ ಕ್ರಮ. ಬೆಂಕಿ ಕಂಡರೆ ನೀರು ಎರಚಬೇಡಿ, ಒಣ ಮರಳು ಹಾಕಿ.

ದೂರು 6: "ಕರೆಂಟ್ ಹೋದ್ರೆ ಸೋಲಾರೂ ಹೋಗುತ್ತೆ, ಮೋಸ ಮಾಡಿದ್ದಾರೆ"

ಆನ್-ಗ್ರಿಡ್ ಹಾಕಿಸಿದವರು ಮೊದಲ ದಿನವೇ ಕೇಳುವ ಪ್ರಶ್ನೆ ಇದು. ಸುಡು ಬಿಸಿಲು ಇದೆ, ಪ್ಯಾನೆಲ್ ಹೊಸದು, ಆದರೂ ಲೈನ್ ಕರೆಂಟ್ ಹೋದ ಕ್ಷಣದಲ್ಲೇ ಇನ್ವರ್ಟರ್ ನಿಲ್ಲುತ್ತದೆ. ಇದು ದೋಷವಲ್ಲ. ಹೀಗೆ ನಿಲ್ಲಲೇಬೇಕು ಎನ್ನುವುದು ನಿಯಮ.

ಯಾಕೆ ಅಂದರೆ, ಲೈನ್ ಕಡಿದಿದೆ ಅಂತ ನಮ್ಮೂರ ಲೈನ್‌ಮ್ಯಾನ್ ಟ್ರಾನ್ಸ್‌ಫಾರ್ಮರ್ ಆಫ್ ಮಾಡಿ ಕಂಬ ಹತ್ತಿರುತ್ತಾನೆ. ಆಗ ನಮ್ಮ ಮಾಳಿಗೆಯಿಂದ ವಿದ್ಯುತ್ ಲೈನಿಗೆ ಹರಿದರೆ ಅವನ ಪ್ರಾಣ ಹೋಗುತ್ತದೆ. ಅದಕ್ಕಾಗಿಯೇ ಲೈನ್ ಸತ್ತ ಕೂಡಲೇ ಇನ್ವರ್ಟರ್ ತಾನೂ ನಿಲ್ಲುವಂತೆ ಮಾಡಿರುತ್ತಾರೆ. ಕರೆಂಟ್ ಬಂದ ಮೇಲೂ ಲೈನ್ ಸ್ಥಿರವಾಗಿದೆಯೇ ಅಂತ ಒಂದೆರಡು ನಿಮಿಷ ಕಾದು ಆಮೇಲೆ ಶುರುವಾಗುತ್ತದೆ. ಕರೆಂಟ್ ಇಲ್ಲದಾಗಲೂ ಬೆಳಕು ಬೇಕು ಎನ್ನುವವರು ಬ್ಯಾಟರಿ ಇರುವ ಹೈಬ್ರಿಡ್ ಬಗೆ ಕೇಳಬೇಕಾಗುತ್ತದೆ, ಅದಕ್ಕೆ ಖರ್ಚು ಹೆಚ್ಚು.

ಇದೇ ಕಾರಣಕ್ಕೆ ಇನ್ನೊಂದು ಮಾತು. ಎರಡೂ ಕಡೆ ಪಿನ್ ಇರುವ ವೈರ್ ಮಾಡಿಕೊಂಡು ಇನ್ವರ್ಟರ್ ಅಥವಾ ಜನರೇಟರ್ ಕರೆಂಟನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿ ಇಡೀ ಮನೆಗೆ ಕೊಡುವುದನ್ನು ಕೆಲವರು ಮಾಡುತ್ತಾರೆ. ಮೈನ್ ಆಫ್ ಮಾಡಲು ಒಂದು ದಿನ ಮರೆತರೆ ಆ ಕರೆಂಟ್ ಟ್ರಾನ್ಸ್‌ಫಾರ್ಮರ್ ಮೂಲಕ ಸಾವಿರಾರು ವೋಲ್ಟ್ ಆಗಿ ಲೈನಿಗೆ ಏರುತ್ತದೆ. ಮೇಲೆ ಇರುವವನು ಯಾರದೋ ಮನೆಯ ಮಗ. ದಯವಿಟ್ಟು ಇಂಥ ವೈರ್ ಮನೆಯಲ್ಲಿ ಇದ್ದರೆ ಇವತ್ತೇ ಕತ್ತರಿಸಿ ಹಾಕಿ.

ಆನ್-ಗ್ರಿಡ್ಡಿನಲ್ಲಿ ಇನ್ನೆರಡು ದೂರುಗಳಿವೆ. ಮಧ್ಯಾಹ್ನ ಆಗಾಗ ನಿಂತು ನಿಂತು ಓಡಿದರೆ ಲೈನ್ ವೋಲ್ಟೇಜ್ ಜಾಸ್ತಿ ಇರಬಹುದು. ಸಾಮಾನ್ಯವಾಗಿ 253 ವೋಲ್ಟ್ ದಾಟಿದರೆ ಇನ್ವರ್ಟರ್ ನಿಲ್ಲುತ್ತದೆ. ಪರದೆಯ ಮೇಲಿನ ಸಂದೇಶವನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದು ಹಾಕಿಕೊಟ್ಟವರಿಗೂ ಚೆಸ್ಕಾಂಗೂ ತೋರಿಸಿ. ಮಳೆ ಬಂದ ಮರುದಿನ ಬೆಳಗ್ಗೆ ಮಾತ್ರ ನಿಂತು, ಬಿಸಿಲೇರಿದ ಮೇಲೆ ಓಡಿದರೆ ಡಿ.ಸಿ. ತಂತಿ ಎಲ್ಲೋ ಸುಲಿದು ತೇವ ಸೇರಿದೆ ಎಂದರ್ಥ. ತಾನಾಗಿ ಸರಿಹೋಯಿತಲ್ಲ ಅಂತ ಸುಮ್ಮನಿರಬೇಡಿ. ಆ ತಂತಿ ಮುಟ್ಟಿದವರಿಗೆ ಶಾಕ್ ಹೊಡೆಯಬಹುದು.

ಎಲ್ಲ ಸರಿ ಇದ್ದರೆ 1 ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ ಸುಮಾರು 4 ಯೂನಿಟ್ ಕೊಡಬೇಕು. ವಾರಕ್ಕೊಮ್ಮೆ ಓದಿ ಬರೆದಿಟ್ಟರೆ ಇಳಿದಾಗ ಗೊತ್ತಾಗುತ್ತದೆ.

ಸಿಡಿಲು ಮತ್ತು ನೆರೆ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಇನ್ವರ್ಟರ್‌ಗಳು ಸುಡುವುದು ಹೆಚ್ಚು. ಅರ್ತಿಂಗ್ ಇಲ್ಲದ ಮನೆಯಲ್ಲಿ ಇನ್ನೂ ಹೆಚ್ಚು. ಪ್ಯಾನೆಲ್ಲಿನ ಚೌಕಟ್ಟಿಗೆ, ಇನ್ವರ್ಟರ್‌ಗೆ ಅರ್ತಿಂಗ್ ಇದೆಯಾ, ಸರ್ಜ್ ತಡೆಯುವ ಸಾಧನ ಹಾಕಿದ್ದಾರಾ ಅಂತ ಕೇಳಿ ನೋಡಿ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿಗೆ ನೀರು ಹಾಕಿ. ಗುಡುಗು ದೂರದಲ್ಲಿ ಕೇಳಿದಾಗಲೇ ಎಂ.ಸಿ.ಬಿ. ಇಳಿಸಿ. ತಲೆ ಮೇಲೆ ಬಂದ ಮೇಲೆ ಮಾಳಿಗೆಗೂ ಹೋಗಬೇಡಿ, ತಂತಿಯನ್ನೂ ಮುಟ್ಟಬೇಡಿ.

2018 ಮತ್ತು 2019ರ ಆಗಸ್ಟಿನಲ್ಲಿ ಕಬಿನಿಯಿಂದ ನೀರು ಬಿಟ್ಟಾಗ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಜಾಗಗಳಿಗೆ ನೀರು ನುಗ್ಗಿದ್ದನ್ನು ನಾವ್ಯಾರೂ ಮರೆತಿಲ್ಲ. ತಿ. ನರಸೀಪುರದಲ್ಲಿ ಕಪಿಲೆ, ಕಾವೇರಿ ಎರಡೂ ಸೇರುವುದರಿಂದ ಅಲ್ಲಿನ ನದಿ ದಂಡೆಯವರಿಗೂ ಇದೇ ಭಯ. ಇನ್ವರ್ಟರ್, ಬ್ಯಾಟರಿ ಸಾಮಾನ್ಯವಾಗಿ ನೆಲದ ಮೇಲೆಯೇ ಇರುತ್ತವೆ. ನದಿ ಹತ್ತಿರದ ಮನೆಗಳವರು ಗಟ್ಟಿ ಕಟ್ಟೆಯೋ ಕಬ್ಬಿಣದ ಸ್ಟ್ಯಾಂಡೋ ಮಾಡಿ ಎತ್ತರಕ್ಕೆ ಏರಿಸಿ. ನೀರು ಬರುವ ಸೂಚನೆ ಸಿಕ್ಕ ಕೂಡಲೇ ಲೈನ್, ಸೋಲಾರ್, ಬ್ಯಾಟರಿ ಮೂರನ್ನೂ ಆಫ್ ಮಾಡಿ. ನೀರು ಒಳಗೆ ಬಂದ ಮೇಲೆ ನೀರಲ್ಲಿ ನಿಂತು ಯಾವುದನ್ನೂ ಮುಟ್ಟಬೇಡಿ. ನೆರೆ ಇಳಿದ ಮೇಲೆ "ಒಣಗಿದೆಯಲ್ಲ, ಹಾಕಿ ನೋಡೋಣ" ಅನ್ನಬೇಡಿ. ಒಳಗೆ ಕೆಸರು ಕೂತಿರುತ್ತದೆ. ಮೆಕ್ಯಾನಿಕ್ ಬಿಚ್ಚಿ ನೋಡಿದ ಮೇಲೆಯೇ ಆನ್ ಮಾಡಿ.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ

"ಕೆಟ್ಟೋಗಿದೆ ಬನ್ನಿ" ಅಂದರೆ ಅವರಿಗೂ ಏನು ತರಬೇಕೋ ಗೊತ್ತಾಗುವುದಿಲ್ಲ. ಎರಡು ಸಲ ಓಡಾಡಿದರೆ ಎರಡು ಸಲದ ಖರ್ಚು ನಿಮ್ಮದೇ. ಇಷ್ಟು ಹೇಳಿ:

1. ಇನ್ವರ್ಟರ್ ಯಾವ ಕಂಪನಿ, ಎಷ್ಟು ವಿ.ಎ., ಬ್ಯಾಟರಿ ಎಷ್ಟು, ಯಾವ ವರ್ಷದ್ದು.
2. ಯಾವ ಬಣ್ಣದ ಲೈಟ್ ಬರುತ್ತಿದೆ, ಎಷ್ಟು ಸಲ ಕೂಗುತ್ತದೆ, ಪರದೆಯಲ್ಲಿ ಏನು ಬರೆದಿದೆ.
3. ಹಗಲು ನಿಲ್ಲುತ್ತದೋ ರಾತ್ರಿಯೋ, ಕರೆಂಟ್ ಇದ್ದಾಗಲೋ ಇಲ್ಲದಾಗಲೋ.
4. ಇತ್ತೀಚೆಗೆ ಹೊಸದಾಗಿ ಏನಾದರೂ ಸೇರಿಸಿದಿರಾ, ಸಿಡಿಲು ಮಳೆ ಬಂತಾ.
5. ಬ್ಯಾಟರಿಗೆ ಕೊನೆಯ ಸಲ ನೀರು ಹಾಕಿದ್ದು ಯಾವಾಗ.

ಬಿಲ್ಲು, ವಾರಂಟಿ ಕಾರ್ಡು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರೇಷನ್ ಕಾರ್ಡ್ ಜೊತೆ ಇಡಿ. ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು, ಮಾರಿದ ದಿನಾಂಕ ಬಿದ್ದಿದೆಯಾ ಅವತ್ತೇ ನೋಡಿಕೊಳ್ಳಿ. ವಾರಂಟಿ ಇರುವಾಗ ಬೇರೆಯವರ ಕೈಯಲ್ಲಿ ಪೆಟ್ಟಿಗೆ ಬಿಚ್ಚಿಸಿದರೆ ವಾರಂಟಿ ಹೋಗುತ್ತದೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಹಾಕಿಸಿದವರಿಗೆ 5 ವರ್ಷ ನಿರ್ವಹಣೆ ಮಾಡಿಕೊಡುವುದು ಹಾಕಿಕೊಟ್ಟವರ ಜವಾಬ್ದಾರಿ. ಫೋನ್ ತೆಗೆಯದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅಲ್ಲೂ ಪರಿಹಾರ ಸಿಗದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗವಿದೆ. ಬಿಲ್ಲಿಲ್ಲದೆ ಕೊಂಡವರ ಕೈಯಲ್ಲಿ ಮಾತ್ರ ಏನೂ ಇರುವುದಿಲ್ಲ.

ಸತ್ತ ಬ್ಯಾಟರಿಯನ್ನು ಗುಜರಿಯವನಿಗೆ ಕೊಟ್ಟು ನೂರಿನ್ನೂರು ಇಸಿದುಕೊಳ್ಳಬೇಡಿ. ಅದರಲ್ಲಿರುವುದು ಸೀಸ. ಒಡೆದು ಕರಗಿಸುವ ಜಾಗದಲ್ಲಿ ಆಡುವ ಮಕ್ಕಳ ಮೆದುಳಿಗೆ ಅದು ವಿಷ, ಆಸಿಡ್ ಹೊಲಕ್ಕೂ ಬಾವಿಗೂ ಇಳಿಯುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಬ್ಯಾಟರಿಗಳನ್ನು ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದು. ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟರೆ ತೂಕದ ಮೇಲೆ ಬೆಲೆಯಲ್ಲಿ ಕಡಿತವೂ ಸಿಗುತ್ತದೆ.

ಸಂಘ ಏನು ಮಾಡಬಹುದು?

ಒಂದೊಂದು ಮನೆಯೂ ಒಂದೊಂದು ಮಲ್ಟಿಮೀಟರ್ ಕೊಳ್ಳಬೇಕಾಗಿಲ್ಲ. ಸಂಘಕ್ಕೆ ಒಂದು ಮೀಟರು, ಒಂದು ಹೈಡ್ರೋಮೀಟರು, ಐದು ಲೀಟರ್ ಡಿಸ್ಟಿಲ್ಡ್ ವಾಟರ್ ಇದ್ದರೆ ಸಾಕು. ಎಸ್.ಎಸ್.ಎಲ್.ಸಿ., ಐ.ಟಿ.ಐ. ಓದಿದ ಒಬ್ಬ ಹುಡುಗಿಯೋ ಹುಡುಗನೋ ಮೆಕ್ಯಾನಿಕ್ ಜೊತೆ ನಾಲ್ಕು ದಿನ ಓಡಾಡಿ ವೋಲ್ಟ್ ಅಳೆಯುವುದನ್ನು ಕಲಿತರೆ ಊರಿಗೇ ಉಪಕಾರ. ಒಂದು ನೋಟ್‌ಬುಕ್ಕಿನಲ್ಲಿ ಮನೆವಾರು ಪುಟ ಮಾಡಿ: ಹಾಕಿಸಿದ ದಿನ, ನೀರು ಹಾಕಿದ ದಿನ, ಪ್ಯಾನೆಲ್ ಒರೆಸಿದ ದಿನ, ವೋಲ್ಟ್, ರಿಪೇರಿ ಖರ್ಚು. ಮೂರು ತಿಂಗಳಿಗೊಮ್ಮೆ ಸಂಘದ ಸಭೆಯಲ್ಲಿ ಉಳಿತಾಯದ ಪುಸ್ತಕದ ಜೊತೆ ಈ ಪುಸ್ತಕವನ್ನೂ ತೆಗೆಯಿರಿ. ಚೆನ್ನಾಗಿ ನೋಡಿಕೊಂಡ ಟ್ಯೂಬುಲರ್ ಬ್ಯಾಟರಿ ಐದಾರು ವರ್ಷ ಬಾಳುತ್ತದೆ. ನೀರು ಕಾಣದ ಬ್ಯಾಟರಿ ಎರಡೇ ವರ್ಷಕ್ಕೆ ಮಲಗುತ್ತದೆ, ಆಗ ಹಳೇ ಸಾಲ ತೀರುವ ಮೊದಲೇ ಹೊಸ ಸಾಲ.

1902ರಲ್ಲೇ ತಲಕಾಡಿನ ಆಚೆ, ಕಾವೇರಿಯ ಕೆಳಗಿನ ಹರಿವಿನಲ್ಲಿ, ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ನದಿ ದಂಡೆಯ ನಮ್ಮ ಹಳ್ಳಿಗಳು ದೀಪಕ್ಕಾಗಿ ಎಷ್ಟೋ ವರ್ಷ ಕಾದವು. ಈಗ ನಮ್ಮ ಮಾಳಿಗೆ ಮೇಲೆಯೇ ವಿದ್ಯುತ್ ತಯಾರಾಗುತ್ತಿದೆ. ಅದನ್ನು ಕಾಪಾಡುವ ಕೆಲಸವೂ ನಮ್ಮದೇ. ಈ ವಾರವೇ ಮಾಳಿಗೆ ಹತ್ತಿ ಪ್ಯಾನೆಲ್ ಒರೆಸಿ, ಬ್ಯಾಟರಿ ಮುಚ್ಚಳದ ಕಡ್ಡಿ ನೋಡಿ. ಕೆಂಪಿಗೆ ಇಳಿದಿದ್ದರೆ ನಾಳೆಗೆ ಹಾಕಬೇಡಿ.